ಬೆಳ್ಳಿ ಬಿಚ್ಚದೆ ತೂಗಿದ ಮಗು

ನನ್ನ ಹುದ್ದೆಗೆ ಸರ್ಕಾರ ಇದುವರೆಗೆ ಮೂರು ಸಲ ನಾಮಕರಣ ಮಾಡಿದೆ. ಸೇರಿದಾಗ ನಾನು ಆರೋಗ್ಯ ಸಹಾಯಕಿ. ಈಗ ಹೆಸರಿನ ತುದಿಗೆ ‘ಸುರಕ್ಷಾಧಿಕಾರಿ’ ಎಂದು ಅಂಟಿಕೊಂಡಿದೆ. ಅಧಿಕಾರಿಯಾದ ಮೇಲೆ ನನ್ನ ಬದುಕಿನಲ್ಲಾದ ದೊಡ್ಡ ಬದಲಾವಣೆಯೆಂದರೆ, ಸಹಿಯ ಕೆಳಗೆ ಒತ್ತುವ ಮೊಹರು ಉದ್ದವಾಗಿ ಕಾರ್ಡಿನ ಗೆರೆ ದಾಟಿ ಹೋಗುವುದು. ಜನರಿಗೆ ಈ ಬಡ್ತಿಯ ಸುದ್ದಿ ಇನ್ನೂ ಮುಟ್ಟಿಲ್ಲ. ಶಿವಮೊಗ್ಗದ ರವೀಂದ್ರನಗರದಿಂದ ರಾಗಿಗುಡ್ಡದವರೆಗೆ ನಾನು ಬರೀ ಸೂಜಿ ಸಿಸ್ಟರ್. ಮಗು ಅನ್ನ ಉಣ್ಣದಿದ್ದರೆ ತಾಯಂದಿರು ‘ಸಿಸ್ಟರ್ ಬಂದ್ರು ನೋಡು’ ಎನ್ನುತ್ತಾರೆ, ಮಗು ಗಬಕ್ಕನೆ ನುಂಗುತ್ತದೆ. ಮಕ್ಕಳ ಪೌಷ್ಟಿಕತೆಗೆ ನಾನು ಸಲ್ಲಿಸಿದ ಸೇವೆಯಲ್ಲಿ ಹೆಚ್ಚು ಫಲ ಕೊಟ್ಟಿದ್ದು ಬಹುಶಃ ಇದೇ ಇರಬೇಕು.

ನನ್ನ ಕೆಲಸವೆಂದರೆ ಬೇರೆಯವರ ಮನೆ ಬಾಗಿಲು ತಟ್ಟುವುದು. ಬಸುರಿ, ಬಾಣಂತಿ, ಹಸುಗೂಸು ಇರುವ ಮನೆಗಳಿಗೆ ಹೋಗಿ ವಿಚಾರಿಸಬೇಕು, ಲಸಿಕೆಯ ದಿನ ನೆನಪಿಸಬೇಕು, ಮಗುವನ್ನು ತೂಗಿ ‘ತಾಯಿ ಕಾರ್ಡಿ’ನಲ್ಲಿ ಬರೆಯಬೇಕು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಾಗಿಲು ತಟ್ಟಿ ನಾನು ಕಲಿತ ವಿದ್ಯೆ ಒಂದೇ, ಯಾರು ಏನು ಹೇಳಿದರೂ ಅರ್ಧ ಕಳೆದು ಕೇಳುವುದು. ‘ಕಬ್ಬಿಣದ ಮಾತ್ರೆ ದಿನಾ ನುಂಗ್ತೀನಿ ಸಿಸ್ಟರ್’ ಎಂದವಳ ಮನೆಯ ದಾಸವಾಳದ ಕುಂಡದಲ್ಲಿ ಮಾತ್ರೆಗಳು ಸಿಕ್ಕಿವೆ. ‘ಎದೆಹಾಲು ಬಿಟ್ರೆ ಏನೂ ಕೊಟ್ಟಿಲ್ಲ’ ಎನ್ನುವ ಅಜ್ಜಿಯ ಹಿಂದೆಯೇ ಬಜೆ ತೇಯ್ದ ಕಲ್ಲು ಒದ್ದೆಯಾಗಿ ಕೂತಿರುತ್ತದೆ. ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಈ ವಿದ್ಯೆಯನ್ನು ಧಾರಾಳವಾಗಿ ಹೇಳಿಕೊಡುತ್ತಿದ್ದೆ. ನನಗೆ ಅದರ ಬಗ್ಗೆ ಸಾಕಷ್ಟು ಜಂಬವೂ ಇತ್ತು. ಆ ಜಂಬ ಒಂದು ಮಗುವಿನ ಜೀವಕ್ಕೆ ಬಂತು. ಅದನ್ನು ಹೇಳಿಬಿಡೋಣ ಅಂತ ಕೂತಿದ್ದೇನೆ.

ಅದಕ್ಕೂ ಮೊದಲು ಭದ್ರಾವತಿಯ ಸಂಗತಿಯೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಲ್ಲಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆ. ಒಂದು ಸಾಲಿನಲ್ಲಿ ಕನ್ನಡ, ಮುಂದಿನ ಸಾಲಿನಲ್ಲಿ ತಮಿಳು, ಅದರಾಚೆ ತೆಲುಗು. ಮಗುವನ್ನು ಬರಿಮೈಯಲ್ಲಿ ತೂಗಬೇಕು ಎಂದು ಪುಸ್ತಕದಲ್ಲಿ ಓದಿದ್ದ ನಾನು, ಒಂದು ಮಗುವಿನ ಸೊಂಟದ ಉಡಿದಾರ ಬಿಚ್ಚಿ ತೂಗಿದೆ. ಅದೇ ದಿನ ಲಸಿಕೆಯೂ ಆಗಿತ್ತು, ಸಂಜೆ ಜ್ವರ ಬಂತು. ಬರುತ್ತದೆ ಎಂದು ನಾನೇ ಹೇಳಿದ್ದೆ. ಆದರೆ ಜ್ವರ ಸೂಜಿಯಿಂದ ಬಂದದ್ದಲ್ಲ, ಉಡಿದಾರ ಬಿಚ್ಚಿದ್ದರಿಂದ ಬಂದದ್ದು ಎಂದು ಮೂರೂ ಸಾಲಿನವರು ಮೂರೂ ಭಾಷೆಯಲ್ಲಿ ಒಮ್ಮತಕ್ಕೆ ಬಂದರು. ‘ಕಣ್ಣು ಪಟ್ಟುಡ್ಚು ಪಾರಮ್ಮಾ’ ಎಂದು ಆ ಮಗುವಿನ ಅಜ್ಜಿ ನನ್ನ ಮುಖದ ಮುಂದೆಯೇ ದೃಷ್ಟಿ ನಿವಾಳಿಸಿ ಮೆಣಸಿನಕಾಯಿ ಸುಟ್ಟಳು. ವಿಷಯ ಮೇಲಿನವರಿಗೆ ಮುಟ್ಟಿತು. ‘ನಿಮಗೆ ತೂಕ ಬೇಕೋ, ಗಲಾಟೆ ಬೇಕೋ?’ ಎಂದು ಅವರು ಕೇಳಿದರು. ನನಗೆ ಕೆಲಸ ಬೇಕಾಗಿತ್ತು.

ಅಂದಿನಿಂದ ನಾನು ಯಾವ ಮಗುವಿನ ಮೈಮೇಲಿನ ಯಾವುದನ್ನೂ ಬಿಚ್ಚಿಸಿದವಳಲ್ಲ. ಇದ್ದ ಹಾಗೇ ತೂಗುವುದು, ಕಣ್ಣಂದಾಜಿನಲ್ಲಿ ಕಳೆಯುವುದು. ಕರಿದಾರಕ್ಕೆ ಏನೂ ಇಲ್ಲ, ಗೆಜ್ಜೆಗೆ ಇಷ್ಟು, ಕಡಗಕ್ಕೆ ಇಷ್ಟು. ಯಾವ ಮನೆಯಲ್ಲೂ ಜಗಳವಿಲ್ಲ, ನನ್ನ ಹಾಳೆಯಲ್ಲಿ ಖಾಲಿ ಜಾಗವಿಲ್ಲ. ‘ನಿಮ್ಮ ಏರಿಯಾದಲ್ಲಿ ಕಂಪ್ಲೇಂಟೇ ಇಲ್ವಲ್ಲ’ ಎಂದು ಮೀಟಿಂಗಿನಲ್ಲಿ ಚಪ್ಪಾಳೆ ಕೂಡ ತಟ್ಟಿಸಿಕೊಂಡಿದ್ದೇನೆ.

ಈಗ ರವೀಂದ್ರನಗರದ ಮನೆಗೆ ಬರುತ್ತೇನೆ. ಅಡಿಕೆ ಮಂಡಿ ಇಟ್ಟವರು. ಮನೆಯ ಯಜಮಾನಿಗೆ ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಮಗಳನ್ನು ಭದ್ರಾವತಿಗೆ ಕೊಟ್ಟಿದ್ದರು, ಅಳಿಯ ಅಲ್ಲಿನ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಳು. ಗಂಡುಮಗು, ಹುಟ್ಟುವಾಗ ಸರಿಯಾಗಿ ಮೂರು ಕೆಜಿ. ಲಸಿಕೆಗೇನೋ ಅಂಗನವಾಡಿಗೆ ಕರೆತಂದರು, ಆದರೆ ಹತ್ತು ಹೆಂಗಸರ ಎದುರು ಮೊಮ್ಮಗನನ್ನು ತಕ್ಕಡಿಗೆ ನೇತು ಹಾಕಲು ಅಜ್ಜಿ ಒಪ್ಪಲಿಲ್ಲ. ‘ತೂಕ ಮನೇಲೇ ಮಾಡಿ ಸಿಸ್ಟರ್, ಎಲ್ಲರ ಕಣ್ಣೂ ಒಂದೇ ಥರ ಇರಲ್ಲ’ ಎಂದರು. ನನ್ನ ಕಣ್ಣಿಗೆ ರಿಯಾಯಿತಿ ಸಿಕ್ಕಿದ್ದು ಸಂತೋಷವೇ. ಹಾಗಾಗಿ ನಾನು ಜೋಳಿಗೆಯ ಸ್ಪ್ರಿಂಗ್ ತಕ್ಕಡಿ ಹೊತ್ತುಕೊಂಡು ಅವರ ಮನೆಗೆ ಹೋಗತೊಡಗಿದೆ.

ಮೊದಲ ಸಲ ಹೋದಾಗ ಮಗುವಿನ ಮೈಮೇಲೆ ಕರಿದಾರವೊಂದು, ಕೊರಳಲ್ಲಿ ಲಿಂಗವಿಟ್ಟ ಪುಟ್ಟ ಬೆಳ್ಳಿಯ ಕರಡಿಗೆಯೊಂದು. ಅಷ್ಟೇ. ಆಮೇಲೆ ತೊಟ್ಟಿಲು ಶಾಸ್ತ್ರವಾಯಿತು. ಭದ್ರಾವತಿಯ ಬೀಗರು ಕಾಲಿಗೆ ಬೆಳ್ಳಿ ಕಡಗ ತಂದರು. ಸಂಬಳದವರು ಅಷ್ಟು ದಪ್ಪದ ಕಡಗ ತಂದರೆ ಮಂಡಿಯವರು ಸುಮ್ಮನಿರಲಾಗುತ್ತದೆಯೇ? ವಾರದೊಳಗೆ ಅಜ್ಜಿ ಬೆಲ್ಟಿನಷ್ಟು ಅಗಲದ ಬೆಳ್ಳಿ ಉಡಿದಾರ ಮಾಡಿಸಿದರು. ಅದರ ಫೋಟೋ ಭದ್ರಾವತಿಗೆ ಹೋಯಿತು. ಅಲ್ಲಿಂದ ಮಗುವಿನ ಸೋದರತ್ತೆ ಕೈಗೆ ಕಡಗ ಕಳಿಸಿದಳು. ಇಲ್ಲಿಂದ ಅದಕ್ಕೆ ಉತ್ತರವಾಗಿ ಕಾಲಿಗೆ ಇನ್ನೊಂದು ಜೊತೆ, ಗೆಜ್ಜೆ ಸಮೇತ. ಎರಡು ಊರಿನ ಮರ್ಯಾದೆಯನ್ನು ಒಂದು ಹಸುಗೂಸು ಕೈಕಾಲಿನಲ್ಲಿ ಹೊತ್ತು ಮಲಗಿತ್ತು.

ಒಂದೂವರೆ ತಿಂಗಳಿಗೆ, ಬೀಗರ ಕಡಗ ಮತ್ತು ಉಡಿದಾರ ಮಾತ್ರ ಬಂದಿದ್ದಾಗ, ತೂಗಲು ಹೋದೆ. ಅಜ್ಜಿಯೇ ಹೇಳಿದರು: ‘ಎಲ್ಲಾ ಸೇರಿ ಅರ್ಧ ಕೆಜಿ ಹತ್ರ ಇದೆ ಸಿಸ್ಟರ್. ಟೊಳ್ಳಲ್ಲ, ಗಟ್ಟಿ ಬೆಳ್ಳಿ.’

ನಾನು ಮನಸ್ಸಿನಲ್ಲೇ ನಕ್ಕೆ. ಆ ಮನೆಯಲ್ಲಿ ಎಲ್ಲವೂ ಗಟ್ಟಿಯೇ. ಮೊಸರು ಗಟ್ಟಿ, ಕಾಫಿ ಗಟ್ಟಿ, ಅಳಿಯನ ಕೆಲಸ ಗಟ್ಟಿ. ಅರ್ಧ ಕೆಜಿ ಅಂದರೆ ಅರ್ಧ ಕಳೆದು ಕಾಲು ಕೆಜಿ, ಅದರಲ್ಲೂ ಬೀಗರ ಮೇಲಿನ ಪೈಪೋಟಿಗೆ ಸೇರಿಸಿದ್ದನ್ನು ಕಳೆದರೆ ನೂರು ಗ್ರಾಂ ಇದ್ದೀತು ಎಂದು ಲೆಕ್ಕ ಹಾಕಿದೆ. ಮುಳ್ಳು ನಾಲ್ಕು ಕೆಜಿ ನಾನೂರು ತೋರಿಸುತ್ತಿತ್ತು. ನೂರು ಕಳೆದು ಬರೆದೆ. ಕಾರ್ಡಿನಲ್ಲಿ ಚುಕ್ಕೆ ಹಸಿರು ಪಟ್ಟಿಯೊಳಗೆ ಬಂತು, ಅಂದರೆ ಬೆಳವಣಿಗೆ ಸರಿ. ಇಲಾಖೆ ಕೊಟ್ಟ ಟ್ಯಾಬಿನಲ್ಲೂ ಹಸಿರು ಬಂತು. ಅಜ್ಜಿ ಮಂಡಕ್ಕಿ ಉಸಲಿ ಕೊಟ್ಟರು, ತಿಂದೆ. ಬಿಚ್ಚಿಸುವ ಮಾತು ನನ್ನ ಬಾಯಿಗೇ ಬರಲಿಲ್ಲ. ಉಡಿದಾರದ ಪಾಠ ಭದ್ರಾವತಿಯಲ್ಲೇ ಆಗಿತ್ತು, ಇನ್ನು ಇಲ್ಲಿ ಲಿಂಗದ ಕರಡಿಗೆ ಬೇರೆ. ನಾನೂ ಅದೇ ಪೈಕಿಯವಳು. ಕೊರಳಿನ ಕರಡಿಗೆಗೆ ಕೈ ಹಾಕಿದರೆ ಆ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ.

ಆ ದಿನ ಬಾಣಂತಿ ಹುಡುಗಿ ನನ್ನನ್ನು ಬಾಗಿಲವರೆಗೆ ಬಿಡಲು ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಕಣ್ಣು ಕೆಂಪಾಗಿತ್ತು.

‘ಸಿಸ್ಟರ್, ಅವನು ಹಾಲು ಕುಡೀತಾ ಕುಡೀತಾ ಬಿಟ್ಬಿಡ್ತಾನೆ. ಎರಡು ನಿಮಿಷಕ್ಕೇ ಸುಸ್ತಾಗ್ತಾನೆ. ಹಣೆ ಎಲ್ಲ ಬೆವರುತ್ತೆ.’

‘ಬೆವರದೆ ಇನ್ನೇನು? ಮಂಚದ ಕೆಳಗೆ ಕೆಂಡ, ಮೈಮೇಲೆ ಸ್ವೆಟರು, ತಲೆಗೆ ಟೋಪಿ, ಕಿಟಕಿಗೆ ಬೀಗ. ನಾನು ಕೂತ್ರೂ ಬೆವರ್ತೀನಿ ಆ ರೂಮಲ್ಲಿ.’

ನನ್ನ ಮಾತಿಗೆ ಅಜ್ಜಿ ಒಳಗಿನಿಂದ ನಕ್ಕರು, ಹುಡುಗಿ ನಗಲಿಲ್ಲ. ನಾನು ಹೇಳಿದ್ದು ಸುಳ್ಳೇನಲ್ಲ, ಆ ಕೋಣೆ ಬೇಕರಿಯ ಒಲೆಯಂತೆಯೇ ಇತ್ತು. ಆದರೆ ಹಾಲು ಕುಡಿಯುವಾಗ ಮಾತ್ರ ಹಣೆ ಬೆವರುವ ಮಗುವಿನ ಬಗ್ಗೆ ನಮಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ಅದು ಹೃದಯದ ಕಡೆಗೆ ಬೊಟ್ಟು ಮಾಡುವ ಲಕ್ಷಣ. ನನಗೆ ನೆನಪಾಗಲಿಲ್ಲ. ಕೈಯಲ್ಲಿದ್ದ ಕಾರ್ಡು ಹಸಿರಾಗಿತ್ತಲ್ಲ.

ಎರಡೂವರೆ ತಿಂಗಳಿಗೆ ಮತ್ತೆ ಹೋದೆ. ಆ ಹೊತ್ತಿಗೆ ಸೋದರತ್ತೆಯ ಕಡಗ, ಅದಕ್ಕೆ ಉತ್ತರದ ಗೆಜ್ಜೆ ಎಲ್ಲ ಬಂದಿದ್ದವು. ಮುಳ್ಳು ಐದು ಕೆಜಿ ನೂರು ತೋರಿಸಿತು. ಹೊಸ ಬೆಳ್ಳಿಗೆಂದು ಇನ್ನೊಂದು ಐವತ್ತು ಗ್ರಾಂ ಕಳೆದು ನನ್ನ ಪ್ರಾಮಾಣಿಕತೆಯನ್ನು ನಾನೇ ಮೆಚ್ಚಿಕೊಂಡೆ. ಮಗುವಿನ ಕೆನ್ನೆ ನೋಡಿದ್ದರೆ ಸಾಕಿತ್ತು. ನಾನು ಮುಳ್ಳು ನೋಡುತ್ತಿದ್ದೆ.

‘ಸಿಸ್ಟರ್, ಎತ್ಕೊಂಡ್ರೆ ಹಗುರ ಅನ್ಸುತ್ತೆ ಇವನು’ ಎಂದಳು ಹುಡುಗಿ ಮೆಲ್ಲಗೆ.

‘ಮಾರಾಯ್ತಿ, ತಕ್ಕಡಿ ಇದೋ, ನಿನ್ನ ಕೈಯೋ? ಚೊಚ್ಚಲಲ್ಲಿ ಎಲ್ಲರಿಗೂ ಹೀಗೇ ಅನ್ಸೋದು. ಕಾರ್ಡ್ ನೋಡು, ಎಷ್ಟು ಚೆಂದ ಏರ್ತಿದೆ.’

ಅವಳು ಕಾರ್ಡು ನೋಡಿದಳು. ಆಮೇಲೆ ಮಗುವನ್ನು ನೋಡಿದಳು. ನಾನು ತಾಯಿಯೊಬ್ಬಳಿಗೆ ಧೈರ್ಯ ತುಂಬಿದೆ ಎಂಬ ತೃಪ್ತಿಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಇಂಥ ತೃಪ್ತಿ ನಮ್ಮ ಇಲಾಖೆಯಲ್ಲಿ ಹೇರಳವಾಗಿ ಸಿಗುತ್ತದೆ.

ಮೂರೂವರೆ ತಿಂಗಳ ಲಸಿಕೆಯಾದ ಮಾರನೆಯ ದಿನ ಮತ್ತೆ ಹೋದೆ. ತಾಯಿ ಮಗು ಭದ್ರಾವತಿಗೆ ಹೊರಡುವವರಿದ್ದರು. ಚಾಪೆಯ ಮೇಲೆ ಚೀಲ, ತೊಟ್ಟಿಲ ಬಟ್ಟೆ, ಹೋಳಿಗೆಯ ಡಬ್ಬಿ. ಮಗುವಿಗೆ ತೆಳು ಜುಬ್ಬವೊಂದು ಬಿಟ್ಟರೆ ಏನೂ ಇರಲಿಲ್ಲ. ಜೋಳಿಗೆಯಲ್ಲಿ ಮಲಗಿಸಿ ಎತ್ತಿದೆ. ಮುಳ್ಳು ನಾಲ್ಕೂವರೆಗೆ ನಿಂತಿತು.

ಹೋದ ಸಲ ಮುಳ್ಳು ಐದು ದಾಟಿತ್ತು. ನಾನು ತಕ್ಕಡಿಗೆ ಎರಡು ಏಟು ಹಾಕಿದೆ. ಮತ್ತೆ ಎತ್ತಿದೆ, ನಾಲ್ಕೂವರೆ. ‘ಸರ್ಕಾರದ ತಕ್ಕಡಿ ಅಲ್ವಾ, ಸ್ಪ್ರಿಂಗ್ ಸತ್ತಿದೆ’ ಎಂದು ಘೋಷಿಸಿದೆ. ಅಜ್ಜಿಗೆ ಅನುಮಾನ ಬಂತು. ಮಂಡಿಯವರ ಮನೆ, ತಕ್ಕಡಿ ಎಂದರೆ ಅವರಿಗೆ ಆಟದ ಮಾತಲ್ಲ. ಒಳಗಿನಿಂದ ಒಡೆಯದ ಒಂದು ಕೆಜಿ ಸಕ್ಕರೆಯ ಪೊಟ್ಟಣ ತಂದು ಜೋಳಿಗೆಗೆ ಹಾಕಿದರು. ಮುಳ್ಳು ಒಂದು ಕೆಜಿಯ ಗೆರೆಯ ಮೇಲೆ ನೆಟ್ಟಗೆ ನಿಂತಿತು.

ಆಗ ನನ್ನ ಕಣ್ಣು ಮಗುವಿನ ಬರಿಗಾಲಿಗೆ ಬಿತ್ತು.

‘ಬೆಳ್ಳಿ ಎಲ್ಲಿ?’ ಎಂದೆ.

‘ಬಸ್ಸಲ್ಲಿ ಹೋಗೋದಲ್ವಾ, ಕಳ್ಳರ ಕಾಟ. ಬಿಚ್ಚಿ ಡಬ್ಬಿಗೆ ಹಾಕಿದೀನಿ.’

‘ಬಿಚ್ಚಿದ್ರಾ?’

‘ಬಿಚ್ಚೋಕೇನಂತೆ? ದಿನಾ ನೀರು ಹಾಕೋವಾಗ ಬಿಚ್ತೀವಲ್ಲ. ಕಡಗ ಹಾಕ್ಕೊಂಡೇ ಎಣ್ಣೆ ಹಚ್ಚೋಕಾಗುತ್ತಾ?’

‘ಮತ್ತೆ ಕರಡಿಗೆ?’

ಅಜ್ಜಿ ಎಡಗೈ ಚಾಚಿದರು. ಅಂಗೈಯಲ್ಲಿ ಪುಟ್ಟ ಕರಡಿಗೆ ಇತ್ತು. ನಾನು ತಕ್ಕಡಿ ಹೊರತೆಗೆಯುವಾಗಲೇ ಅವರು ಅದನ್ನು ಬಿಚ್ಚಿ, ಪೂಜೆಗೆ ಕೂತವರಂತೆ ಅಂಗೈಯಲ್ಲಿಟ್ಟುಕೊಂಡಿದ್ದರು. ‘ತೂಕ ಆಗೋವರೆಗೆ ನಾನೇ ಹಿಡ್ಕೊಂಡಿರ್ತೀನಿ, ಆಮೇಲೆ ಕಟ್ತೀನಿ. ಮೊದಲೇ ಹೇಳಿದ್ರೆ ಆವಾಗ್ಲೂ ಬಿಚ್ಚಿ ಕೊಡ್ತಿದ್ದೆ. ನೀವು ಕೇಳ್ಲೇ ಇಲ್ವಲ್ಲ ಸಿಸ್ಟರ್.’

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕು ಆಡಿದ್ದರೆ ನಾನು ತಿರುಗಿ ಏನಾದರೂ ಆಡುತ್ತಿದ್ದೆ. ಎರಡು ತಿಂಗಳು ನಾನು ಆ ಹೆಂಗಸನ್ನು ಮೂಢನಂಬಿಕೆಯ ಮುದುಕಿ ಎಂದು ತಿಳಿದು, ಅವರಿಗೆ ಹೆದರಿ, ಹೆದರಿದ್ದನ್ನು ಜಾಣತನ ಎಂದು ಕರೆದುಕೊಂಡಿದ್ದೆ. ಅವರು ಅರ್ಧ ಕೆಜಿ ಎಂದಾಗ ಅದು ನಿಜವಾಗಿಯೂ ಅರ್ಧ ಕೆಜಿಯ ಆಸುಪಾಸಿನಲ್ಲಿತ್ತು. ಇಡೀ ವಾರ್ಡಿನಲ್ಲಿ ನನಗೆ ಸರಿಯಾದ ಲೆಕ್ಕ ಹೇಳಿದ ಒಬ್ಬರೇ ಒಬ್ಬರ ಮಾತಿನಲ್ಲಿ ನಾನು ಅರ್ಧಕ್ಕಿಂತ ಹೆಚ್ಚು ಕಳೆದಿದ್ದೆ. ಏರುತ್ತಿದ್ದದ್ದು ಬೆಳ್ಳಿ. ಮಗು ಏರುತ್ತಿರಲಿಲ್ಲ.

ಭದ್ರಾವತಿಯ ಬಸ್ಸು ಬಿಟ್ಟೆವು. ಆಟೋ ಹತ್ತಿ ನಾಲ್ಕೂ ಜನ ದೊಡ್ಡಾಸ್ಪತ್ರೆಗೆ ಹೋದೆವು. ಅಜ್ಜಿ, ತಾಯಿ, ಮಗು, ನಾನು. ದಾರಿಯಲ್ಲಿ ಮಗು ಮಲಗಿತ್ತು. ಪಕ್ಕೆಲುಬಿನ ನಡುವಿನ ಚರ್ಮ ಉಸಿರಿಗೊಮ್ಮೆ ಒಳಕ್ಕೆ ಹೋಗುತ್ತಿತ್ತು. ಸ್ವೆಟರಿನ ಒಳಗೆ ಅದು ಎಷ್ಟು ದಿನದಿಂದ ಹಾಗೆ ಉಸಿರಾಡುತ್ತಿತ್ತೋ. ಆ ದಿನ ಆಟೋದಲ್ಲಿ ನನಗೆ ಆದಷ್ಟು ಹೆದರಿಕೆ ನನ್ನ ಸ್ವಂತ ಮಕ್ಕಳಿಗೆ ಕಾಯಿಲೆಯಾದಾಗಲೂ ಆಗಿರಲಿಲ್ಲ.

ಮಕ್ಕಳ ಡಾಕ್ಟರು ಎಳೆ ವಯಸ್ಸಿನವರು. ಮೊದಲು ಕಾರ್ಡು ಕೇಳಿದರು. ತಿರುವಿ ನೋಡಿ ಹುಬ್ಬು ಗಂಟಿಕ್ಕಿದರು. ‘ಹೋದ ತಿಂಗಳವರೆಗೆ ಚೆನ್ನಾಗೇ ಬೆಳೆದಿದೆ. ಅಂದ್ರೆ ಈಗ ಒಂದು ತಿಂಗಳಲ್ಲಿ ಏನೋ ಆಗಿದೆ. ಭೇದಿ ಆಗಿತ್ತಾ? ಜ್ವರ? ಬಾಟಲ್ ಹಾಲು ಶುರು ಮಾಡಿದ್ರಾ?’

ಅಜ್ಜಿ ಇಲ್ಲ ಇಲ್ಲ ಎನ್ನುತ್ತಿದ್ದರು. ಡಾಕ್ಟರು ನಂಬಲಿಲ್ಲ. ಅವರಿಗೂ ಯಾರೋ ನನ್ನಂಥವರು ಅರ್ಧ ಕಳೆದು ಕೇಳುವ ವಿದ್ಯೆ ಕಲಿಸಿದ್ದಿರಬೇಕು. ನಾನು ಮೂಲೆಯಲ್ಲಿ ನಿಂತಿದ್ದೆ. ಕಾರ್ಡು ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಸುಮ್ಮನಿದ್ದಿದ್ದರೆ ತಪ್ಪು ನೆಟ್ಟಗೆ ಆ ಮನೆಯವರ ತಲೆಗೆ ಹೋಗುತ್ತಿತ್ತು, ನನ್ನ ಉದ್ದದ ಮೊಹರು ಹಸಿರು ಚುಕ್ಕೆಗಳ ಪಕ್ಕ ಸುಖವಾಗಿ ಇರುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

‘ಆ ತೂಕ ಮಗುವಿನದ್ದಲ್ಲ ಡಾಕ್ಟ್ರೇ’ ಎಂದೆ ಕೊನೆಗೆ. ‘ಬೆಳ್ಳಿದೂ ಸೇರಿದೆ. ನಾನು ಬಿಚ್ಚಿಸಿ ತೂಗಿಲ್ಲ.’

ಅವರು ನನ್ನ ಮುಖ ನೋಡಿದರು. ‘ಸಕ್ರೆಬೈಲಲ್ಲಿ ಆನೆಮರಿ ತೂಗಿದ್ರೂ ಸರಪಳಿ ತೆಗೆದು ತೂಗ್ತಾರೆ ಸಿಸ್ಟರ್’ ಎಂದರು. ನಾನು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹಂಚಿದ್ದ ವ್ಯಂಗ್ಯ ಒಂದೇ ವಾಕ್ಯದಲ್ಲಿ ನನಗೆ ವಾಪಸು ಬಂತು. ಆಮೇಲೆ ಅವರು ಸ್ಟೆತಸ್ಕೋಪನ್ನು ಮಗುವಿನ ಎದೆಗಿಟ್ಟು ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತು ಕೇಳಿಸಿಕೊಂಡ ಡಾಕ್ಟರು ಒಳ್ಳೆಯ ಸುದ್ದಿ ಹೇಳಿದ್ದನ್ನು ನಾನು ಕಂಡಿಲ್ಲ.

‘ಹಾಲು ಕುಡಿಯೋವಾಗ ಬೆವರ್ತಿತ್ತಾ?’ ಎಂದು ತಾಯಿಯನ್ನು ಕೇಳಿದರು.

‘ಹೇಳಿದ್ದೆ’ ಎಂದಳು ಅವಳು. ಯಾರಿಗೆ ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮಗುವಿನ ಹೃದಯದಲ್ಲಿ ತೂತಿತ್ತು. ಹುಟ್ಟಿನಿಂದಲೇ ಇದ್ದದ್ದು, ಅದು ಯಾರ ತಪ್ಪೂ ಅಲ್ಲ. ಬೇರೆ ಮಗುವಿಗೆ ಹಾಲು ಕುಡಿಯುವುದು ಎಂದರೆ ಸುಖ, ಇವನಿಗೆ ಗುಡ್ಡ ಹತ್ತಿದಷ್ಟು ಕೆಲಸ. ಆಪರೇಷನ್ ಮಾಡಿ ಮುಚ್ಚಬಹುದು, ಆದರೆ ಇಷ್ಟು ಸೊರಗಿದ ಮೈ ಅದನ್ನು ತಡೆಯುವುದು ಕಷ್ಟ. ಔಷಧಿ ಕೊಟ್ಟು, ಎದೆಹಾಲು ಹಿಂಡಿ ಸ್ವಲ್ಪಸ್ವಲ್ಪವೇ ಕುಡಿಸಿ ಮೊದಲು ಐದೂವರೆ ಕೆಜಿಗೆ ತರಬೇಕು ಎಂದರು. ‘ಎರಡು ತಿಂಗಳ ಹಿಂದೇ ಬಂದಿದ್ರೆ ಇಷ್ಟಕ್ಕೆ ಬರ್ತಿರ್ಲಿಲ್ಲ’ ಎಂದು ಕಾರ್ಡು ಮಡಚಿ ಕೊಟ್ಟರು.

ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡು ಅತ್ತರು. ‘ನಾವೇ ಹಾಳು ಬೆಳ್ಳಿ ಹೇರಿದ್ವಿ ಸಿಸ್ಟರ್’ ಎಂದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ತಾಯಿ ಮಗು ಭದ್ರಾವತಿಗೆ ಹೋದರು. ಅಲ್ಲಿಯ ಏರಿಯಾಕ್ಕೆ ಬೇರೆ ಸಿಸ್ಟರ್ ಇದ್ದಾಳೆ, ಅವಳ ಸರಹದ್ದಿಗೆ ನಾನು ಹೋಗಬೇಕಾಗಿಲ್ಲ. ಆದರೂ ಪ್ರತಿ ಭಾನುವಾರ ತಕ್ಕಡಿಯನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ. ‘ಒಂದೂರು ಸಾಲದು ಅಂತ ಎರಡೂರಿನ ಅಧಿಕಾರಿ ಆದ್ಯಾ?’ ಎಂದು ನನ್ನ ಗಂಡ ಅಣಕಿಸಿದರು. ಪಾಪ ಪರಿಹಾರಕ್ಕೆ ಜನ ಕಾಶಿಗೆ ಹೋಗುತ್ತಾರೆ, ನನಗೆ ಭದ್ರಾವತಿ ಹತ್ತಿರವಾಯಿತು ಎಂದು ನಾನೂ ಅಂದೆ. ತಮಾಷೆ ಮಾಡುವುದು ನಿಂತರೆ ನನಗೆ ಮಾಡಲು ಬೇರೇನೂ ತೋಚುವುದಿಲ್ಲ.

ಮೊದಲ ಭಾನುವಾರ ಹುಡುಗಿ ಬಾಗಿಲು ತೆರೆದು ‘ಬನ್ನಿ’ ಎನ್ನಲಿಲ್ಲ, ‘ಹೋಗಿ’ ಎನ್ನಲೂ ಇಲ್ಲ. ಪಕ್ಕಕ್ಕೆ ಸರಿದು ನಿಂತಳು. ಒಳಗೆ ಗೋಡೆಗೆ ಕ್ಯಾಲೆಂಡರ್ ಇತ್ತು, ಎರಡೆರಡು ಗಂಟೆಗೆ ಎಷ್ಟು ಚಮಚ ಹಾಲು ಹೋಯಿತು ಎಂದು ಪೆನ್ನಿನಲ್ಲಿ ಬರೆದಿದ್ದಳು. ಕಿಟಕಿ ತೆರೆದಿತ್ತು. ನಾನು ಮಗುವನ್ನು ತೂಗಿ, ಎಷ್ಟೆಂದು ಹೇಳಿದೆ. ಅವಳು ತಲೆ ಆಡಿಸಿದಳು. ನಾನು ಆಟೋ ಹಿಡಿದು ಹೋದ ಮೇಲೆ ಅಲ್ಲಿಯ ಅಂಗನವಾಡಿಗೆ ಹೋಗಿ ಇನ್ನೊಂದು ತಕ್ಕಡಿಯಲ್ಲಿ ಮತ್ತೆ ತೂಗಿಸಿದಳಂತೆ. ಅದನ್ನು ಅಲ್ಲಿಯ ಸಿಸ್ಟರೇ ನನಗೆ ನಗುತ್ತಾ ಹೇಳಿದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ತೂಕ ಒಂದು ವಾರ ಏರಿತು, ಒಂದು ವಾರ ನಿಂತಿತು, ನೆಗಡಿಯಾಗಿ ಒಂದು ವಾರ ಇಳಿಯಿತು. ಆಪರೇಷನ್ ಕೊನೆಗೆ ಆಯಿತು, ಚೆನ್ನಾಗಿಯೇ ಆಯಿತು, ಹುಡುಗನಿಗೆ ಈಗ ಬಾಯಿ ಮುಚ್ಚಿಸುವುದೇ ಕಷ್ಟ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆಪರೇಷನ್ನಿಗೂ ಮುಂಚಿನ ಒಂದು ಭಾನುವಾರ.

ಆ ದಿನ ನಾನು ಹೋಗುವ ಹೊತ್ತಿಗೆ ಅವಳು ಮಗುವಿನ ಮೈಮೇಲೆ ಒಂದು ನೂಲೂ ಇಲ್ಲದಂತೆ ಮಾಡಿ ಚಾಪೆಯ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದಳು. ಕರಿದಾರವನ್ನೂ ಬಿಚ್ಚಿದ್ದಳು. ನಾನು ತಕ್ಕಡಿ ತೆಗೆದು ಮುಳ್ಳು ಸೊನ್ನೆಗೆ ತಂದೆ. ಅವಳೇ ಮಗುವನ್ನು ಜೋಳಿಗೆಯಲ್ಲಿ ಮಲಗಿಸಿದಳು. ನಾನು ಎತ್ತಿ ಹಿಡಿದು, ಅಭ್ಯಾಸ ಬಲದಿಂದ ಮುಳ್ಳಿನ ಕಡೆ ಕತ್ತು ಬಾಗಿಸಿದೆ.

‘ನೀವು ಹಿಡ್ಕೊಂಡಿರಿ ಸಾಕು’ ಎಂದಳು. ‘ಎಷ್ಟಿದೆ ಅಂತ ನಾನು ನೋಡ್ತೀನಿ.’

ನಾನು ಕೈ ಮೇಲೆತ್ತಿ ನಿಂತೆ. ಅವಳು ಎದುರಿಗೆ ಬಂದು ಮೊಣಕಾಲೂರಿ ಕೂತು, ಮಗು ಒದ್ದಾಡುವುದು ನಿಲ್ಲುವವರೆಗೆ ಕಾದು, ಮುಳ್ಳನ್ನು ನೋಡಿದಳು. ನಾನು ಇನ್ನೊಂದು ಕೈಯನ್ನೂ ಕೊಕ್ಕೆಗೆ ಕೊಟ್ಟೆ. ಕೆಳಗೆ ಇಳಿಸಲಿಲ್ಲ.

‘ಐದು ಕೆಜಿ ಆರ್ನೂರು’ ಎಂದು ಓದಿದಳು.

ನನ್ನ ಕಣ್ಣಿನಲ್ಲಿ ನೀರು ಬಂತು. ಅವಳು ಅಳಲಿಲ್ಲ. ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡು, ಒಂದು ಕೈಯಲ್ಲಿ ಫೋನ್ ತೆಗೆದು ಡಾಕ್ಟರಿಗೆ ತಾನೇ ತೂಕ ಹೇಳಿದಳು. ಇಷ್ಟು ಸಾಕಾ ಎಂದು ನನ್ನನ್ನು ಕೇಳಲಿಲ್ಲ.